ಹೊಂಡಕ್ಕೆ ಎಷ್ಟು ಲವಂಗ ಬೇಕು?

ಹೋದ ಚಳಿಗಾಲದಲ್ಲಿ ನನ್ನ ದವಡೆ ಹಲ್ಲು ನೋಯುತ್ತಿತ್ತು. ಆಳಂದದ ನಮ್ಮ ಮನೆಯಲ್ಲಿ ಹಲ್ಲುನೋವಿಗೆ ಮೊದಲ ಔಷಧ ಲವಂಗ. ಒಂದನ್ನು ಕಚ್ಚಿ ಹಿಡಿದು ಕೂತಿದ್ದಾಗಲೇ ಅಫಜಲಪುರದ ಕಡೆಯಿಂದ ತಮ್ಮನ ಮಗನ ಫೋನು ಬಂತು.

“ದೊಡ್ಡಪ್ಪ, ಹೊಂಡದಾಗ ಮೀನ ಸಾಯ್ಲಾಕತ್ತಾವ್ರಿ. ಮೈಮ್ಯಾಲೆಲ್ಲ ಕೆಂಪು ಹುಣ್ಣ.”

ರಜೆಗೆ ಜೇವರ್ಗಿಯಿಂದ ಬಂದಿದ್ದ ಮೊಮ್ಮಗಳೂ ನನ್ನ ಜೊತೆ ಹೊರಟಳು. ಏಳನೆಯ ತರಗತಿ, ಲೆಕ್ಕ ಅಂದರೆ ಜೀವ.

ತಮ್ಮನ ಮಗನ ಹೊಲ ಭೀಮಾ ನದಿಯ ದಂಡೆಗಿದೆ. ಕೃಷಿಹೊಂಡದಲ್ಲಿ ಕಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿದ್ದ. ನಾವು ಹೋದಾಗ ಐದಾರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವನ ಕೈಯಲ್ಲಿ ಔಷಧದಂಗಡಿಯಿಂದ ತಂದ ಆ್ಯಂಟಿಬಯೋಟಿಕ್ ಕ್ಯಾಪ್ಸೂಲುಗಳು, ಮನುಷ್ಯರು ನುಂಗುವಂಥವೇ! ನೀರಿಗೆ ಕಲಸಲು ಬಕೆಟ್ಟೂ ಸಿದ್ಧವಾಗಿತ್ತು.

ನಾನು ಕೈ ಹಿಡಿದೆ. ಅಷ್ಟು ನೀರಿಗೆ ಒಂದಿಷ್ಟು ಔಷಧ ಬಿದ್ದರೆ ಬಡಪಾಯಿ ರೋಗಾಣುಗಳು ಸಾಯುತ್ತವೆ, ಗಟ್ಟಿಯವು ಉಳಿದು ವಂಶ ಬೆಳೆಸುತ್ತವೆ. ನಾಳೆ ಅದೇ ಔಷಧ ಮನುಷ್ಯರಿಗೂ ನಾಟದಂತಾಗಬಹುದು. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್‌ನಂಥ ಆ್ಯಂಟಿಬಯೋಟಿಕ್‌ಗಳನ್ನು ನಮ್ಮ ದೇಶದ ಮೀನು ಸಾಕಣೆಯಲ್ಲಿ ನಿಷೇಧಿಸಿದ್ದಾರೆ.

“ಮುತ್ಯಾ, ಹಂಗಾದ್ರ ನಿನ್ನ ಲವಂಗ ಹಾಕೋಣಲ್ಲ?” ಅಂದಳು ಮೊಮ್ಮಗಳು.

ತಮ್ಮನ ಮಗ ನಕ್ಕ. ನಾನು ನಗಲಿಲ್ಲ, ಪ್ರಶ್ನೆ ಒಳ್ಳೆಯದಿತ್ತು. ಹುಳ ಬಂದರೆ ಗಿಡ ಓಡಿಹೋಗಲಾರದು. ಅದಕ್ಕೇ ಘಾಟಿನ ಎಣ್ಣೆ ಮಾಡಿಟ್ಟುಕೊಂಡಿರುತ್ತದೆ. ಲವಂಗದಲ್ಲಿ ಯೂಜೆನಾಲ್, ಅಜವಾನದಲ್ಲಿ ಥೈಮಾಲ್. ತುಳಸಿಯಲ್ಲೂ ಯೂಜೆನಾಲ್ ಉಂಟು. ಮೀನಿಗೆ ಹುಣ್ಣು ತರುವ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ವಿಜ್ಞಾನಿಗಳು ಇವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ್ದಾರೆ. ಎಣ್ಣೆಯ ಅಂಶ ಅದರ ಹೊರಪೊರೆಯನ್ನು ಸಡಿಲಿಸುತ್ತದೆ, ಒಳಗಿನದು ಸೋರುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ.

ಆದರೆ ಲವಂಗದ ಎಣ್ಣೆಗೆ ಇನ್ನೊಂದು ಗುಣವಿದೆ. ನನ್ನ ಹಲ್ಲನ್ನು ಜೋಮು ಹಿಡಿಸಿದಂತೆ ಅದು ಮೀನನ್ನೂ ಮಲಗಿಸುತ್ತದೆ. ಮೀನನ್ನು ತೂಗುವಾಗ, ಚುಚ್ಚುಮದ್ದು ಕೊಡುವಾಗ ಲೀಟರ್ ನೀರಿಗೆ ಸುಮಾರು 50 ಮಿಲಿಗ್ರಾಂ ಬೆರೆಸಿ ಕೆಲ ನಿಮಿಷ ಮಲಗಿಸುವುದುಂಟು.

ಮೊಮ್ಮಗಳು ಕಡ್ಡಿಯಿಂದ ಮಣ್ಣಿನ ಮೇಲೆ ಲೆಕ್ಕ ಶುರುಮಾಡಿದಳು. ಹೊಂಡ 20 ಮೀಟರ್ ಉದ್ದ, 20 ಮೀಟರ್ ಅಗಲ, ನೀರು ಒಂದು ಮೀಟರ್. ಅಂದರೆ 4 ಲಕ್ಷ ಲೀಟರ್. ಲೀಟರಿಗೆ 50 ಮಿಲಿಗ್ರಾಂ ಅಂದರೂ 20 ಕಿಲೋ ಎಣ್ಣೆ! ನೂರು ಗ್ರಾಂ ಲವಂಗದಲ್ಲಿ ಸಿಗುವ ಎಣ್ಣೆ 15ರಿಂದ 20 ಗ್ರಾಂ. ಕಡಿಮೆಯೆಂದರೂ ಒಂದು ಕ್ವಿಂಟಲ್ ಲವಂಗ ಬೇಕು.

“ಹೊಲಾನೇ ಮಾರ್ಬೇಕಾಗ್ತದವ್ವಾ!” ಅಂದ ಅವಳ ಕಾಕಾ.

ಅದೂ ಬರೀ ಮಲಗಿಸುವ ಲೆಕ್ಕ. ರೋಗಾಣು ಸಾಯಲು ಸಾಮಾನ್ಯವಾಗಿ ಇನ್ನೂ ಹೆಚ್ಚು ಬೇಕು. ಅಷ್ಟು ಹಾಕಿದರೆ ಮೊದಲು ಮಲಗಿದ ಮೀನು ಏಳುವುದೇ ಇಲ್ಲ. ಮೇಲಾಗಿ ಎಣ್ಣೆ ನೀರಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಬಿಸಿಲಿಗೆ ಹಾರಿಹೋಗುತ್ತದೆ. ಅದಕ್ಕೆ ಸಂಶೋಧಕರು ಈಗ ಬೇರೆ ದಾರಿ ಹಿಡಿದಿದ್ದಾರೆ. ಮೀನಿನ ಆಹಾರದಲ್ಲಿ ಬಹಳ ಸ್ವಲ್ಪ ಬೆರೆಸಿ, ರೋಗ ಬರುವ ಮೊದಲೇ ಮೀನಿನ ಮೈ ಗಟ್ಟಿಯಾಗುತ್ತದೆಯೇ ಎಂದು ನೋಡುತ್ತಿದ್ದಾರೆ. ತೊಟ್ಟಿಗಳಲ್ಲಿ ಇದು ಫಲ ಕೊಟ್ಟದ್ದುಂಟು. ಹೊಲದ ಹೊಂಡ ತೊಟ್ಟಿಯಲ್ಲವಲ್ಲ! ನನಗಂತೂ ಲವಂಗದ ಮೇಲೆ ಹಲ್ಲಿನ ಮಟ್ಟಿಗಷ್ಟೇ ಪೂರ್ತಿ ನಂಬಿಕೆ.

ಮೀನುಗಾರಿಕೆ ಇಲಾಖೆಗೆ ಫೋನು ಮಾಡಿದೆವು. ಬಂದವರು ಮೊದಲು ತಳದ ಕೆಸರನ್ನು ಮೂಸಿದರು. ಕೊಳೆತ ವಾಸನೆ. ಮರಿ ಹೆಚ್ಚು ಬಿಟ್ಟಿದ್ದ, ಆಹಾರವನ್ನೂ ಧಾರಾಳವಾಗಿ ಸುರಿದಿದ್ದ. ಉಳಿದದ್ದೆಲ್ಲ ತಳದಲ್ಲಿ ಕೊಳೆತಿತ್ತು. ಸತ್ತ ಮೀನನ್ನು ದೂರ ಗುಂಡಿ ತೋಡಿ ಸುಣ್ಣ ಹಾಕಿ ಹುಗಿದೆವು. ಅವರು ಹೇಳಿದ ಅಳತೆಯಲ್ಲಿ ಹೊಂಡಕ್ಕೂ ಸುಣ್ಣ ಬಿತ್ತು. ಕೆಲ ದಿನ ಆಹಾರ ಬಂದ್, ಒಂದಿಷ್ಟು ಹೊಸ ನೀರು.

ಆಮೇಲೂ ಒಂದು ವಾರ ಮೀನು ಸತ್ತವು. ಎರಡು ವಾರದ ಮೇಲೆ ಫೋನು ಬಂತು.

“ನಾಕ ದಿನ ಆತು, ಒಂದೂ ತೇಲಿಲ್ಲ ದೊಡ್ಡಪ್ಪ. ನಿಮ್ಮ ಹಲ್ಲ ಹ್ಯಾಂಗದರಿ?”

ಹಲ್ಲನ್ನು ಹಿಂದಿನ ದಿನವಷ್ಟೇ ಕೀಳಿಸಿಕೊಂಡು ಬಂದಿದ್ದೆ.