ಕೊನೇ ನಾಲ್ಕು ಸೆಕೆಂಡು: ಆನ್‌ಲೈನ್ ಹರಾಜಿನಲ್ಲಿ ಕಾದು ಕೂಗುವುದು ಜಾಣತನವೇ?

ಕಳೆದ ಸೆಮಿಸ್ಟರ್ ರಜೆಯಲ್ಲಿ ಒಂದೇ ಒಂದು ಡಾಲರಿಗೆ ನಾನೊಂದು ಕ್ಯಾಲ್ಕುಲೇಟರ್ ಕಳಕೊಂಡೆ. ಹಾಗಂತ ಆಗ ಅಂದುಕೊಂಡಿದ್ದೆ.

ಎಚ್‌ಪಿ-15ಸಿ ಅಂತ ಒಂದು ಹಳೇ ಮಾಡೆಲ್ ಇದೆ. 1982ರಲ್ಲಿ ಬಂದದ್ದು, ಸಮ ಚಿಹ್ನೆಯ ಗುಂಡಿಯೇ ಇಲ್ಲದ್ದು. ಅಮೆರಿಕದ ಒಂದು ಹರಾಜು ತಾಣದಲ್ಲಿ ಅದು ಕಂಡಿತು. ನಮ್ಮ ದೊಡ್ಡಪ್ಪನ ಮಗ ಅಲ್ಲೇ ಇರೋದರಿಂದ ಅವನಿಗೆ ಫೋನ್ ಹಚ್ಚಿ, "ಅಣ್ಣಾ, ಸದ್ಯಕ್ಕೆ 80 ಡಾಲರ್ ಹಾಕಿಡು, ಆಮೇಲೆ ನೋಡೋಣ" ಅಂದೆ. ಮನಸ್ಸಿನಲ್ಲಿ 120ರವರೆಗೂ ಹೋಗುವ ಲೆಕ್ಕ ಇತ್ತು. ಮೂರು ದಿನ ಬೆಲೆ 61ರಲ್ಲೇ ನಿಂತಿತ್ತು, ನಾವೇ ಮುಂದೆ. ಹರಾಜು ಮುಗಿಯಲು ನಾಲ್ಕು ಸೆಕೆಂಡು ಇದ್ದಾಗ ಯಾರೋ ಬಂದರು. 81 ಡಾಲರ್. ಮುಗೀತು. "ನೀನು ಆಮೇಲೆ ನೋಡೋಣ ಅಂದ್ಯಲ್ಲ, ಈಗ ನೋಡು" ಅಂದ ಅಣ್ಣ.

ಹೀಗೆ ಕೊನೆಯ ಕ್ಷಣದವರೆಗೆ ಹೊಂಚು ಹಾಕಿ ಬಿಡ್ ಮಾಡುವುದಕ್ಕೆ ಸ್ನೈಪಿಂಗ್ ಅನ್ನುತ್ತಾರೆ. ಸಿಟ್ಟು ಇಳಿದ ಮೇಲೆ, ಇದು ನಿಜವಾಗಿ ಕೆಲಸ ಮಾಡುವ ತಂತ್ರವೋ ಅಥವಾ ಬರೀ ಅದೃಷ್ಟವೋ ಅಂತ ಓದತೊಡಗಿದೆ. ಮೊದಲಿಗೆ ತಿಳಿದದ್ದು, ನಾನು ಸೋತದ್ದು ಒಂದು ಡಾಲರಿಗೆ ಅಲ್ಲವೇ ಅಲ್ಲ ಅನ್ನೋದು.

ಇದಕ್ಕೆ ಇಬೇ ತರಹದ ತಾಣಗಳ ನಿಯಮ ಗೊತ್ತಿರಬೇಕು. ಅಲ್ಲಿ ನೀವು ಬರೆಯುವುದು ಬೆಲೆಯನ್ನಲ್ಲ, ನಿಮ್ಮ ಗರಿಷ್ಠ ಮಿತಿಯನ್ನು. ಆ ಮಿತಿ ಬೇರೆಯವರಿಗೆ ಕಾಣುವುದಿಲ್ಲ. ನಿಮ್ಮ ಪರವಾಗಿ ತಂತ್ರಾಂಶವೇ ಬೇಕಾದಷ್ಟು ಮಾತ್ರ ಏರಿಸುತ್ತಾ ಹೋಗುತ್ತದೆ. ಗೆದ್ದವರು ಕೊಡುವುದು ಎರಡನೆಯವರ ಮಿತಿಗಿಂತ ಒಂದು ಮೆಟ್ಟಿಲು ಹೆಚ್ಚು, ಅಷ್ಟೇ. 25ರಿಂದ 100 ಡಾಲರಿನೊಳಗೆ ಆ ಮೆಟ್ಟಿಲು 1 ಡಾಲರ್, 100 ದಾಟಿದರೆ ಎರಡೂವರೆ. ಅಂದರೆ 81 ಅನ್ನೋದು ನನ್ನ 80ರ ಮೇಲೊಂದು. ಆ ಮಹಾನುಭಾವ ಬರೆದದ್ದು 85 ಇರಬಹುದು, 300 ಇರಬಹುದು. ಬೆಲೆ ನೋಡಿ ಅವನ ಮಿತಿ ಹೇಳಲಾಗದು.

ಇಂಥ ಎರಡನೇ ಬೆಲೆಯ ಹರಾಜಿನ ಬಗ್ಗೆ ವಿಲಿಯಂ ವಿಕ್ರಿ 1961ರಲ್ಲೇ ಬರೆದರು (1996ರಲ್ಲಿ ನೊಬೆಲ್ ಬಂತು). ಅವರ ವಾದ ಲ್ಯಾಬ್ ರೆಕಾರ್ಡಿನ ಅರ್ಧ ಪುಟದಲ್ಲಿ ಮುಗಿಯುತ್ತದೆ. ವಸ್ತು ನಿಮಗೆ 120 ಡಾಲರ್ ಬೆಲೆಬಾಳುತ್ತದೆ ಅಂದುಕೊಳ್ಳಿ. ಎದುರಾಳಿಯ ಮಿತಿ 100 ಇದ್ದರೆ, 120 ಬರೆದವರು 102.50ಕ್ಕೆ ಗೆಲ್ಲುತ್ತಾರೆ. ಜಾಣತನ ಮಾಡಿ 90 ಬರೆದಿದ್ದರೆ ಲಾಭದ ವ್ಯಾಪಾರ ಕೈತಪ್ಪುತ್ತಿತ್ತು. ಎದುರಾಳಿ 150 ಬರೆದಿದ್ದರೆ, ಹಟಕ್ಕೆ ಬಿದ್ದು 160 ಬರೆದವರು 152.50 ತೆತ್ತು ಮನೆಗೆ ಬರುತ್ತಾರೆ. ಎರಡೂ ಕಡೆ 120 ಬರೆಯುವುದೇ ಸರಿ. ಎದುರಿನವರು ಏನೇ ಮಾಡಲಿ, ನಿಮ್ಮ ನಿಜವಾದ ಮಿತಿ ಬರೆದರೆ ನಷ್ಟವಿಲ್ಲ.

ಹಾಗಾದರೆ ಮೊದಲ ದಿನವೇ 120 ಬರೆದು ಮಲಗಬಹುದಲ್ಲ? ಕಾಯೋದು ಯಾಕೆ?

ಯಾಕೆಂದರೆ ಎದುರಿನವರು ನನ್ನ ಥರ ಇರುತ್ತಾರೆ. ಮಿತಿ ಬರೆಯಿರಿ ಅಂದರೆ "ಸದ್ಯಕ್ಕೆ 80" ಅನ್ನುವವರು, ಯಾರಾದರೂ ಮೇಲೆ ಕೂಗಿದ ಕೂಡಲೇ ಮತ್ತೆ ಏರಿಸುವವರು. ಇಂಥವರ ಮುಂದೆ ಬೇಗ ಕೂಗಿದರೆ ಕೆರಳಿಸಿದ ಹಾಗೆ. ಕೊನೇ ನಾಲ್ಕು ಸೆಕೆಂಡಿನಲ್ಲಿ ಬಂದರೆ ಅವರಿಗೆ ಏರಿಸಲು ಸಮಯವೇ ಇಲ್ಲ. ಅವರ 80ನ್ನೇ ನಿಜವಾದ ಮಿತಿ ಅಂತ ಸಿಕ್ಕಿಸಿಬಿಡಬಹುದು. ನನಗಾದದ್ದು ಇದೇ. ಇನ್ನೊಂದು ಕಾರಣ ಗುಟ್ಟಿನದು. ಹಳೇ ನಾಣ್ಯ, ಪುರಾತನ ವಸ್ತುಗಳಲ್ಲಿ ಅಸಲಿ ಯಾವುದು ಅಂತ ಪಳಗಿದವರಿಗೆ ಮಾತ್ರ ಗೊತ್ತು. ಅವರು ಬೇಗ ಕೈ ಎತ್ತಿದರೆ, "ಓ, ಇದರಲ್ಲೇನೋ ಇದೆ" ಅಂತ ಉಳಿದವರೂ ನುಗ್ಗುತ್ತಾರೆ.

ಇದನ್ನು ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಅಂಕಿಅಂಶ ಹಿಡಿದು ನೋಡಿದರು. ಅವರ ಲೇಖನ 2002ರದ್ದು. ಆಗ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು, ಒಂದೇ ವ್ಯತ್ಯಾಸ: ಇಬೇಯಲ್ಲಿ ಗಡುವು ಅಂದರೆ ಗಡುವು, ಅಮೆಜಾನ್‌ನಲ್ಲಿ ಕೊನೇ ಹತ್ತು ನಿಮಿಷದಲ್ಲಿ ಯಾರಾದರೂ ಕೂಗಿದರೆ ಅಲ್ಲಿಂದ ಇನ್ನೂ ಹತ್ತು ನಿಮಿಷ. ಇಬೇಯ ಕಂಪ್ಯೂಟರ್ ಹರಾಜುಗಳಲ್ಲಿ ಸುಮಾರು 40 ಶೇಕಡ, ಪುರಾತನ ವಸ್ತುಗಳ ಹರಾಜುಗಳಲ್ಲಿ 59 ಶೇಕಡ ಕೊನೇ ಐದು ನಿಮಿಷದಲ್ಲಿ ಬಿಡ್ ಕಂಡಿದ್ದವು. ಅಮೆಜಾನ್‌ನಲ್ಲಿ? ಸುಮಾರು 3. ಜನ ಅದೇ ಥರದ ಜನ, ಬದಲಾದದ್ದು ಮುಗಿಸುವ ನಿಯಮ. ಇನ್ನೂ ಚೆಂದದ ವಿಷಯ: ಅನುಭವ ಹೆಚ್ಚಿದಂತೆ ಇಬೇಯಲ್ಲಿ ಜನ ತಡವಾಗಿ ಕೂಗುತ್ತಿದ್ದರು, ಅಮೆಜಾನ್‌ನಲ್ಲಿ ಬೇಗ.

ನಮ್ಮೂರ ದೇವಸ್ಥಾನದ ಹರಾಜಿನಲ್ಲಿ ಸ್ನೈಪಿಂಗ್ ಯಾಕಿಲ್ಲ ಅಂತ ಆಗ ಹೊಳೆಯಿತು. "ಒಂದನೇ ಸಾರಿ, ಎರಡನೇ ಸಾರಿ" ಅನ್ನುವಾಗ ಯಾರಾದರೂ ಸವಾಲು ಏರಿಸಿದರೆ ಎಣಿಕೆ ಮತ್ತೆ ಒಂದರಿಂದ. ಅಮೆಜಾನ್‌ನ ಹತ್ತು ನಿಮಿಷ ಇದೇ ಅಲ್ಲವೇ? ಗಡಿಯಾರ ಇಟ್ಟಲ್ಲೆಲ್ಲ ಹೊಂಚು ಹಾಕುವವರು ಹುಟ್ಟುತ್ತಾರೆ. ಹಿಂದೆ ಇಂಗ್ಲೆಂಡಿನಲ್ಲಿ ಮೋಂಬತ್ತಿ ಹಚ್ಚಿಟ್ಟು, ಅದು ಆರುವ ಮುಂಚಿನ ಕೊನೇ ಕೂಗಿಗೆ ಮಾಲು ಕೊಡುತ್ತಿದ್ದರು. 1662ರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಒಬ್ಬ ಪಾಕಡಾ ಆಸಾಮಿಯ ಬಗ್ಗೆ ಬರೆದಿದ್ದಾನೆ. ಬತ್ತಿ ಆರುವ ಮುನ್ನ ಹೊಗೆ ಕೆಳಮುಖವಾಗುತ್ತದೆ ಅಂತ ಅವನು ಗಮನಿಸಿಟ್ಟುಕೊಂಡು, ಅದನ್ನು ನೋಡಿಯೇ ಕೂಗುತ್ತಿದ್ದನಂತೆ!

ಇನ್ನು ನಷ್ಟದ ಬದಿ. ನೀವು ಗುಂಡಿ ಒತ್ತಿದ ಹೊತ್ತಲ್ಲ, ಸರ್ವರಿಗೆ ಮುಟ್ಟಿದ ಹೊತ್ತು ಲೆಕ್ಕ. ನಿಮ್ಮ ಲ್ಯಾಪ್‌ಟಾಪಿನ ಗಡಿಯಾರ ಎರಡು ಸೆಕೆಂಡು ಹಿಂದಿದ್ದರೆ, ಲಾಗಿನ್ ಮತ್ತೆ ಕೇಳಿದರೆ, ಹಾಸ್ಟೆಲ್ ವೈಫೈ ತನ್ನ ಗುಣ ತೋರಿಸಿದರೆ, ಕಥೆ ಮುಗೀತು. ರಾತ್ ಮತ್ತು ಓಕೆನ್‌ಫೆಲ್ಸ್ ತಡವಾಗಿ ಕೂಗುವವರನ್ನೇ ಕೇಳಿದಾಗ ಸುಮಾರು 86 ಶೇಕಡ ಜನ, ಬಿಡ್ ಮುಟ್ಟುವ ಮೊದಲೇ ಹರಾಜು ಮುಗಿದದ್ದು ಒಮ್ಮೆಯಾದರೂ ಆಗಿದೆ ಅಂದಿದ್ದರು. ಇದನ್ನು ತಪ್ಪಿಸಲು ತಾನೇ ಬಿಡ್ ಮಾಡುವ ಸ್ನೈಪಿಂಗ್ ಸೇವೆಗಳೂ ಇವೆ, ಆದರೆ ನಿಮ್ಮ ಪಾಸ್‌ವರ್ಡ್ ಇನ್ನೊಬ್ಬರ ಕೈಗೆ ಹೋಗುತ್ತದೆ. ನನಗಂತೂ ಒಪ್ಪಿಗೆ ಇಲ್ಲ. ಎದುರಾಳಿಯೂ ಸ್ನೈಪರ್ ಆಗಿದ್ದರೆ? ಆಗ ಇಬ್ಬರೂ ಕಣ್ಣು ಮುಚ್ಚಿ ಮಿತಿ ಬರೆದಂತೆ. ಯಾರ ಮಿತಿ ದೊಡ್ಡದೋ ಅವರದ್ದೇ ಮಾಲು, ಬೆರಳಿನ ವೇಗಕ್ಕೆ ಅಲ್ಲಿ ಬೆಲೆಯಿಲ್ಲ. ಎರಡೂ ಮಿತಿ ಸಮ ಬಂದರೆ ಮೊದಲು ಬರೆದವರೇ ಗೆಲ್ಲುತ್ತಾರೆ, ಅಂದರೆ ಕಾದವರಿಗೆ ನಷ್ಟ.

ಜೆಫ್ರಿ ಈಲಿ ಮತ್ತು ತಂಜಿಮ್ ಹೊಸೇನ್ ಇಬೇಯಲ್ಲಿ ಡಿವಿಡಿಗಳಿಗೆ ತಾವೇ ಬಿಡ್ ಮಾಡಿ, ಬೇಗ ಕೂಗಿದ್ದನ್ನೂ ಕೊನೆಗೆ ಕೂಗಿದ್ದನ್ನೂ ಹೋಲಿಸಿದ್ದಾರೆ. ಕಾಯುವುದರಲ್ಲಿ ಲಾಭ ಇದೆ, ಆದರೆ ಸಣ್ಣದು. ನನ್ನ ಲೆಕ್ಕಕ್ಕೂ ಅದೇ ತಾಳೆಯಾಗುತ್ತದೆ. ನಾನು 80ರ ಬದಲು 120 ಬರೆದಿದ್ದರೆ ಆ ಸ್ನೈಪರ್ ಮಿತಿ 85 ಆಗಿದ್ದ ಪಕ್ಷದಲ್ಲಿ ಅವನ ನಾಲ್ಕು ಸೆಕೆಂಡಿನ ಆಟ ನನ್ನನ್ನು ಏನೂ ಮಾಡುತ್ತಿರಲಿಲ್ಲ. ನನ್ನ ತಪ್ಪು ತಡವಾಗಿ ಕೂಗದೇ ಇದ್ದದ್ದಲ್ಲ, ಸುಳ್ಳು ಮಿತಿ ಬರೆದದ್ದು.

ಈಗ ಇನ್ನೊಂದು 15ಸಿ ಬಂದಿದೆ. ಅಲ್ಲಿ ಭಾನುವಾರ ಸಂಜೆ, ನಮಗೆ ಸೋಮವಾರ ಬೆಳಿಗ್ಗೆ ಆರೂವರೆಗೆ ಮುಗಿಯುತ್ತದೆ. ಅಣ್ಣನಿಗೆ ಹೇಳಿದ್ದೇನೆ: ಕೊನೇ ಹದಿನೈದು ಸೆಕೆಂಡಿನಲ್ಲಿ ಹಾಕು, ನಾಲ್ಕರವರೆಗೆ ಕಾಯಬೇಡ, ಒಂದೇ ಸಲ ಹಾಕು. 120 ಅಲ್ಲ, 121.37. ದುಂಡು ಸಂಖ್ಯೆ ಬರೆಯುವವರು ಬಹಳ ಜನ ಇರುತ್ತಾರೆ, ಸಮ ಬಂದು ಸೋಲೋದು ಬೇಡ. "ಅದ್ಯಾವ ಲೆಕ್ಕ ಮಾರಾಯಾ, 37 ಸೆಂಟು?" ಅಂತ ಕೇಳಿದ. ಈ ಲೇಖನ ಕಳಿಸಿದ್ದೇನೆ.