ನರ್ಸ್ ಎಂದರೆ ಅರ್ಧ ಡಾಕ್ಟರ್ ಅಲ್ಲ

ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಎಂದರೆ ನರ್ಸಿಂಗ್‌ನಲ್ಲೇ ಮೇಲಿನ ಓದು ಮುಗಿಸಿ, ರೋಗಿಯನ್ನು ಪರೀಕ್ಷಿಸಲು, ಕಾಯಿಲೆ ಯಾವುದೆಂದು ನಿರ್ಧರಿಸಲು, ರಕ್ತಪರೀಕ್ಷೆ, ಎಕ್ಸ್‌ರೇ ಮಾಡಿಸಲು, ಔಷಧ ಬರೆದುಕೊಡಲು ಕಾನೂನಿನ ಅಧಿಕಾರ ಪಡೆದವರು. ಅಲ್ಲಿ ಇಂಥವರ ಸಂಖ್ಯೆ ಮೂರೂವರೆ ಲಕ್ಷ ದಾಟಿದೆ. ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಹೋದ ಬೆಂಗಳೂರು, ಮೈಸೂರಿನ ಹಿರಿಯರು ಜ್ವರ, ಕೆಮ್ಮು ಎಂದು ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಹೋದರೆ ಎದುರಿಗೆ ಕೂರುವುದು ಅನೇಕ ಸಲ ಇವರೇ. ಊರಿಗೆ ವಾಪಸಾದ ಮೇಲೆ ಬರುವ ದೂರು ಒಂದೇ ಅಚ್ಚಿನದು: "ಅಷ್ಟು ದುಡ್ಡು ಕಿತ್ಕೊಂಡ್ರು, ಡಾಕ್ಟ್ರು ಮುಖ ಕೂಡ ತೋರಿಸ್ಲಿಲ್ಲ. ನರ್ಸ್ ಕೈಲಿ ನೋಡಿಸಿ ಕಳಿಸಿಬಿಟ್ರು."

ಈ ದೂರಿನ ಬುಡದಲ್ಲಿರುವುದು ಒಂದು ಗಟ್ಟಿ ನಂಬಿಕೆ. ವೈದ್ಯಕೀಯ ಎಂಬುದು ಒಂದೇ ಏಣಿ. ಕೆಳಗಿನ ಮೆಟ್ಟಿಲಲ್ಲಿ ಆಯಾ, ಅದರ ಮೇಲೆ ನರ್ಸ್, ತುದಿಯಲ್ಲಿ ಡಾಕ್ಟರ್. ನರ್ಸ್ ಪ್ರಾಕ್ಟೀಷನರ್ ಎಂದರೆ ಆ ಏಣಿಯನ್ನು ಅರ್ಧ ಹತ್ತಿ ಕಾಲು ಸೋತವರು. ಓದಿನಲ್ಲಿ ಮುಂದಿದ್ದಿದ್ದರೆ ಡಾಕ್ಟರೇ ಆಗುತ್ತಿದ್ದರಲ್ಲ, ಎಂಬ ತರ್ಕ. ಇದೇ ತರ್ಕ ಹಿಡಿದರೆ ಇಂಜಿನಿಯರು ಸೋತ ಆರ್ಕಿಟೆಕ್ಟ್ ಆಗಬೇಕು, ವಕೀಲರು ಅರ್ಧ ಜಡ್ಜ್ ಆಗಬೇಕು. ಅಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಆಸ್ಪತ್ರೆಯ ವಿಷಯಕ್ಕೆ ಮಾತ್ರ ಈ ಏಣಿ ಎಲ್ಲರ ಮನಸ್ಸಿನಲ್ಲೂ ನಿಂತೇ ಇರುತ್ತದೆ.

ಏಣಿ ಇರುವುದು ಒಂದಲ್ಲ, ಎರಡು. ಡಾಕ್ಟರರ ಕಲಿಕೆ ಕಾಯಿಲೆಯ ಸುತ್ತ ಕಟ್ಟಿದ್ದು: ಕಾರಣವೇನು, ಹೆಸರೇನು, ಯಾವ ಔಷಧ, ಯಾವ ಶಸ್ತ್ರಚಿಕಿತ್ಸೆ. ನರ್ಸಿಂಗ್ ಕಲಿಕೆ ಕಾಯಿಲೆ ಬಿದ್ದ ಮನುಷ್ಯನ ಸುತ್ತ ಕಟ್ಟಿದ್ದು: ಉಸಿರಾಟ ಹೇಗಿದೆ, ಎಷ್ಟು ಮೂತ್ರ ಹೋಗಿದೆ, ಬೆನ್ನಿನ ಚರ್ಮ ಹುಣ್ಣಾಗುತ್ತಿದೆಯೇ, ಮನೆಗೆ ಹೋದ ಮೇಲೆ ಇನ್ಸುಲಿನ್ ತಾನೇ ಚುಚ್ಚಿಕೊಳ್ಳಬಲ್ಲರೇ. ವಾರ್ಡಿನಲ್ಲಿ ಡಾಕ್ಟರರ ರೌಂಡ್ಸ್ ಒಬ್ಬ ರೋಗಿಗೆ ಕೆಲವು ನಿಮಿಷ. ದಿನದ ಉಳಿದ ಹೊತ್ತೆಲ್ಲ ನರ್ಸ್‌ಗಳದು. ರಾತ್ರಿ ಎರಡು ಗಂಟೆಗೆ ರೋಗಿಯ ಮಾತು ತೊದಲುತ್ತಿದೆ, ಬಿಪಿ ಇಳಿಯುತ್ತಿದೆ ಎಂದು ಮೊದಲು ಗಮನಿಸುವವರು ಅವರು. ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಅವರೇ. ಹೇಳಿದ್ದನ್ನು ಮಾಡುವುದಷ್ಟೇ ನರ್ಸ್ ಕೆಲಸ ಎಂಬುದು ಇಲ್ಲಿಯೇ ಮುರಿದುಬೀಳುತ್ತದೆ. ಡಾಕ್ಟರು ಬರೆದ ಡೋಸು ತಪ್ಪೆಂದು ಕಂಡರೆ ಕೊಡದೆ ನಿಲ್ಲಿಸಿ ಕೇಳುವುದು ನರ್ಸ್‌ನ ವೃತ್ತಿಧರ್ಮ. ಕೇಳದೆ ಕೊಟ್ಟು ಅನಾಹುತವಾದರೆ "ಡಾಕ್ಟ್ರು ಬರೆದಿದ್ರು" ಎಂಬ ಒಂದೇ ಸಮಜಾಯಿಷಿ ಸಾಲದು.

ನರ್ಸ್ ಪ್ರಾಕ್ಟೀಷನರ್ ಹುಟ್ಟಿದ್ದು ಈ ಎರಡನೆಯ ಏಣಿಯ ಮೇಲೆ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ತಜ್ಞ ಸೇರಿ ಮೊದಲ ತರಬೇತಿ ಶುರುಮಾಡಿದರು. ಹಳ್ಳಿಗಾಡಿನ ಮಕ್ಕಳಿಗೆ ಡಾಕ್ಟರು ಸಿಗುತ್ತಿರಲಿಲ್ಲ. ಆ ಮಕ್ಕಳ ಬೆಳವಣಿಗೆ, ಲಸಿಕೆ, ಸಾಮಾನ್ಯ ಕಾಯಿಲೆಗಳನ್ನು ಆಗಲೇ ನೋಡಿಕೊಳ್ಳುತ್ತಿದ್ದ ನರ್ಸ್‌ಗಳ ಕೈಗೆ ಇನ್ನಷ್ಟು ವಿದ್ಯೆ ಕೊಡುವುದು ಇಬ್ಬರ ಯೋಚನೆ. ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳು ಕಾಯ್ದೆಯಾದದ್ದೂ ಅದೇ ವರ್ಷ. ಹಣವಿಲ್ಲದೆ ದೂರ ಉಳಿದಿದ್ದ ವೃದ್ಧರು, ಬಡವರು ಕ್ಲಿನಿಕ್ಕಿನ ಬಾಗಿಲಿಗೆ ಬಂದರು, ನೋಡುವ ಕೈಗಳು ಸಾಲದಾದವು. 104 ವರ್ಷ ಬದುಕಿ 2025ರ ಜನವರಿಯಲ್ಲಿ ತೀರಿಕೊಂಡ ಫೋರ್ಡ್ ಇದನ್ನು ನರ್ಸಿಂಗ್‌ನದೇ ವಿಸ್ತರಣೆಯಾಗಿ ಕಂಡವರು. ಅಗ್ಗದ ಡಾಕ್ಟರನ್ನು ತಯಾರಿಸಲು ಹೊರಟವರಲ್ಲ.

ಹಾಗಾದರೆ ಇಬ್ಬರೂ ಸಮವೇ? ಅದೂ ಅಲ್ಲ. ಏಣಿಯ ನಂಬಿಕೆಯನ್ನು ಬಿಟ್ಟವರು ಕೆಲವೊಮ್ಮೆ ನೇರ ಇನ್ನೊಂದು ತುದಿಗೆ ಹಾರಿಬಿಡುತ್ತಾರೆ. ಅಮೆರಿಕದ ಡಾಕ್ಟರು ಪದವಿಯ ಮೇಲೆ ನಾಲ್ಕು ವರ್ಷ ವೈದ್ಯಕೀಯ ಓದಿ, ಆಮೇಲೆ ಮೂರರಿಂದ ಏಳು ವರ್ಷ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವ ರೆಸಿಡೆನ್ಸಿ ಮಾಡಬೇಕು. ಅಲ್ಲಿ ದುಡಿಮೆಗೆ ವಾರಕ್ಕೆ 80 ಗಂಟೆಯ ಮಿತಿ ಹಾಕಿದ್ದೇ 2003ರಲ್ಲಿ. ನರ್ಸ್ ಪ್ರಾಕ್ಟೀಷನರ್ ನರ್ಸಿಂಗ್ ಪದವಿ, ಲೈಸೆನ್ಸ್ ಪಡೆದ ಮೇಲೆ ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಓದುತ್ತಾರೆ. ಆ ಓದಿನೊಳಗೆ ರೋಗಿಗಳ ಜೊತೆಗಿನ ಕಡ್ಡಾಯ ತರಬೇತಿ ಬಹುಕಾಲ ಕನಿಷ್ಠ 500 ಗಂಟೆ ಇತ್ತು, 2022ರ ಮಾನದಂಡದಲ್ಲಿ 750 ಆಯಿತು. ಅಂತರ ದೊಡ್ಡದು, ಮುಚ್ಚಿಡುವಂಥದ್ದೂ ಅಲ್ಲ. ಆದರೆ ವ್ಯಾಪ್ತಿಯೂ ಅದಕ್ಕೆ ತಕ್ಕಂತೆಯೇ ಇದೆ. ಕುಟುಂಬ, ಮಕ್ಕಳು, ವಯಸ್ಕರು ಮತ್ತು ವೃದ್ಧರು, ನವಜಾತ ಶಿಶು, ಸ್ತ್ರೀ ಆರೋಗ್ಯ, ಮನೋರೋಗ ಎಂದು ವಿಭಾಗಗಳಿವೆ; ತಾನು ತರಬೇತಿ ಪಡೆದ ವಿಭಾಗ ಬಿಟ್ಟು ನರ್ಸ್ ಪ್ರಾಕ್ಟೀಷನರ್ ಆಚೆ ಹೋಗುವಂತಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಾರು ದೊಡ್ಡವರು ಎಂಬುದಲ್ಲ, ಯಾವ ಕಾಯಿಲೆಗೆ ಎಂಬುದು. 2000ದಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ನ್ಯೂಯಾರ್ಕಿನ ಅಧ್ಯಯನವೊಂದು 1,316 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದನ್ನು ಡಾಕ್ಟರರಿಗೆ, ಇನ್ನೊಂದನ್ನು ನರ್ಸ್ ಪ್ರಾಕ್ಟೀಷನರ್‌ಗಳಿಗೆ ಒಪ್ಪಿಸಿತು. ಆರು ತಿಂಗಳ ನಂತರ ಸಕ್ಕರೆ ಕಾಯಿಲೆ, ಆಸ್ತಮಾ ಇದ್ದವರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬಿಪಿ ಇದ್ದವರಲ್ಲಿ ಕೆಳಗಿನ ಅಂಕಿ ನರ್ಸ್‌ಗಳ ಕಡೆಯೇ ತುಸು ಕಡಿಮೆ ಇತ್ತು. 2018ರ ಕಾಕ್ರೇನ್ ವಿಮರ್ಶೆ ಇಂಥ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿ, ಪ್ರಾಥಮಿಕ ಚಿಕಿತ್ಸೆಯ ಮಟ್ಟದಲ್ಲಿ ಫಲ ಬಹುಮಟ್ಟಿಗೆ ಸಮ, ಕೆಲವೆಡೆ ಉತ್ತಮ, ನರ್ಸ್‌ಗಳು ರೋಗಿಗೆ ಕೊಡುವ ಸಮಯ ಮಾತ್ರ ಹೆಚ್ಚು ಎಂದಿತು. ಇದರಿಂದ ತಿಳಿಯುವುದು ಇಷ್ಟೇ: ಬಿಪಿ, ಶುಗರ್, ಗಂಟಲು ನೋವು, ಲಸಿಕೆಗಳಿಗೆ ನರ್ಸ್ ಪ್ರಾಕ್ಟೀಷನರ್ ಕಂಡರೆ ನಷ್ಟವಿಲ್ಲ. ಯಾವುದಕ್ಕೂ ಹೊಂದದ ಲಕ್ಷಣಗಳು, ಒಂದರ ಮೇಲೊಂದು ಹೇರಿಕೊಂಡ ಕಾಯಿಲೆಗಳು, ತುರ್ತು ಚಿಕಿತ್ಸಾ ಘಟಕದ ಗೊಂದಲ, ಇವುಗಳಿಗೂ ಅದೇ ಮಾತು ಅನ್ವಯಿಸುತ್ತದೆ ಎಂದು ಆ ಅಧ್ಯಯನಗಳು ಹೇಳುವುದಿಲ್ಲ. ಇತ್ತೀಚೆಗೆ ನಿವೃತ್ತ ಯೋಧರ ಆಸ್ಪತ್ರೆಗಳ ತುರ್ತು ವಿಭಾಗವನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಿಗೆ ನರ್ಸ್ ಪ್ರಾಕ್ಟೀಷನರ್‌ಗಳ ಕಡೆ ರೋಗಿ ಹೆಚ್ಚು ಹೊತ್ತು ಉಳಿದದ್ದು, ಹೆಚ್ಚು ಖರ್ಚಾದದ್ದು ಕಂಡಿತು.

ಉಳಿದ ತಪ್ಪು ತಿಳಿವಳಿಕೆಗಳಿಗೆ ಒಂದೊಂದು ಮಾತು ಸಾಕು. ಅವರು ಔಷಧ ಬರೆಯುವಂತಿಲ್ಲ ಎಂಬುದು ತಪ್ಪು. 50 ರಾಜ್ಯಗಳಲ್ಲೂ ಬರೆಯಬಹುದು. ಯಾವಾಗಲೂ ಡಾಕ್ಟರರ ಕೈಕೆಳಗೇ ಇರಬೇಕು ಎಂಬುದು ಟೆಕ್ಸಾಸಿನ ಮಟ್ಟಿಗೆ ಬಹುಪಾಲು ನಿಜ, ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಸುಳ್ಳು. ಕ್ಯಾಲಿಫೋರ್ನಿಯಾ 2020ರ ಕಾಯ್ದೆಯಿಂದ ಹಂತಹಂತವಾಗಿ ಬಿಗಿ ಸಡಿಲಿಸಿದೆ. ಫಿಸಿಷಿಯನ್ ಅಸಿಸ್ಟೆಂಟ್ ಎಂದರೂ ಇವರೇ ಎಂಬುದೂ ತಪ್ಪು. ಅದು ಬೇರೆ ವೃತ್ತಿ, ನೌಕಾಪಡೆಯಲ್ಲಿ ವೈದ್ಯ ಸಹಾಯಕರಾಗಿದ್ದವರನ್ನಿಟ್ಟುಕೊಂಡು ಡ್ಯೂಕ್ ವಿಶ್ವವಿದ್ಯಾಲಯ ಅದೇ 1965ರಲ್ಲಿ ಶುರುಮಾಡಿದ್ದು. ನರ್ಸ್ ನೋಡಿದರೆ ಬಿಲ್ ಕಡಿಮೆ ಎಂಬ ಆಸೆಯೂ ಬೇಡ: ಮೆಡಿಕೇರ್ ಅವರಿಗೆ ಡಾಕ್ಟರರ ದರದ ಶೇ. 85 ಕೊಡುತ್ತದೆ ನಿಜ, ಆ ಉಳಿತಾಯ ಪ್ರವಾಸಿ ವಿಮೆಯಲ್ಲಿ ಹೋದ ಅತ್ತೆ-ಮಾವಂದಿರ ಜೇಬಿಗೆ ಬರುತ್ತದೆಂಬ ಖಾತ್ರಿಯಿಲ್ಲ. ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದರೆ ನರ್ಸಿಂಗ್‌ನಲ್ಲಿ ಡಾಕ್ಟರೇಟ್ ಪಡೆದವರೂ ಇರಬಹುದು, ಕನ್ನಡದಲ್ಲಿ ಪಿಎಚ್.ಡಿ. ಮಾಡಿದ ಮೇಷ್ಟರಿಗೆ ಮಂಡಿನೋವಿನ ಮಾತ್ರೆ ಕೇಳಿ ಗೊತ್ತಿರುವ ಊರಿನವರಿಗೆ ಈ ಗೊಂದಲ ಹೊಸದಲ್ಲ.

ಭಾರತದಲ್ಲಿ ಈ ಹೆಸರು ಬಂದಿದೆ, ಅಧಿಕಾರ ಅಷ್ಟಾಗಿ ಬಂದಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು ಐಸಿಯು ಆರೈಕೆಗೆಂದು ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಕೋರ್ಸ್ ತಂದಿದೆ. 2018ರ ಕೇಂದ್ರ ಮಾರ್ಗಸೂಚಿ ಸಹಜ ಹೆರಿಗೆಗಾಗಿ 18 ತಿಂಗಳ ಸೂಲಗಿತ್ತಿ-ನರ್ಸ್ ತರಬೇತಿಯನ್ನು ರೂಪಿಸಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿಯ ಮಾತೆತ್ತಿದಾಗ ಡಾಕ್ಟರು ಬೀದಿಗಿಳಿದರು. ಕರ್ನಾಟಕದ ಉಪಕೇಂದ್ರಗಳಲ್ಲಿ ಈಗ ಕಾಣುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಬಿಪಿ, ಶುಗರ್ ತಪಾಸಣೆ ಮಾಡುತ್ತಾರೆ, ಡಾಕ್ಟರು ಗೊತ್ತುಮಾಡಿದ ಮಾತ್ರೆಗಳನ್ನು ತಿಂಗಳು ತಿಂಗಳು ಕೊಡುತ್ತಾರೆ, ಅನುಮಾನ ಬಂದರೆ ಇ-ಸಂಜೀವಿನಿ ಎಂಬ ಸರ್ಕಾರಿ ಟೆಲಿಮೆಡಿಸಿನ್ ಸೇವೆಯ ತೆರೆಯ ಮೇಲೆ ಡಾಕ್ಟರರನ್ನು ಕೇಳುತ್ತಾರೆ.

ಉಪಕೇಂದ್ರದ ಈ ಮಾತ್ರೆ ಒಲ್ಲದೆ ಪೇಟೆಗೆ ಹೋಗುವವರ ಹೊಣೆ ಮಾತ್ರ ಯಾವ ಕಾಯ್ದೆಯೂ ಹೊರಲಾರದು. ಪೇಟೆಯಲ್ಲಿ ಅವರು ಹುಡುಕುವುದು ಪದವಿಯನ್ನಲ್ಲ, ಸೂಜಿಯನ್ನು. ಕತ್ತಿನಲ್ಲಿ ಸ್ಟೆತಸ್ಕೋಪು, ಕೈಯಲ್ಲಿ ಸಿರಿಂಜು ಇದ್ದು, ಸುಸ್ತು ಎಂದ ಕೂಡಲೇ ಡ್ರಿಪ್ ಹಾಕಿದರೆ "ಕೈಗುಣ ಚೆನ್ನಾಗಿದೆ" ಎನ್ನುತ್ತಾರೆ. ಆ ಕೈ ಎಸ್ಸೆಸ್ಸೆಲ್ಸಿ ದಾಟಿದೆಯೇ ಎಂದು ಕೇಳುವುದಿಲ್ಲ. ನರ್ಸಿಂಗ್ ಓದಿ ಬಂದವರ ಮೇಲಿಲ್ಲದ ನಂಬಿಕೆ ಮೆಡಿಕಲ್ ಶಾಪಿನ ಹುಡುಗ ಕತ್ತರಿಸಿ ಕೊಟ್ಟ ನಾಲ್ಕು ಆಂಟಿಬಯೋಟಿಕ್ ಮಾತ್ರೆಯ ಮೇಲೆ ಉಂಟು. ನೋಂದಣಿ ಇಲ್ಲದೆ ಖಾಸಗಿ ಕ್ಲಿನಿಕ್ ನಡೆಸಬಾರದೆಂದು ಕರ್ನಾಟಕದಲ್ಲಿ 2007ರ ಕಾಯ್ದೆಯೇ ಇದೆ. ಅಧಿಕಾರಿಗಳು ಬೀಗ ಹಾಕಿದರೂ ಮುಂದಿನ ವಾರ ಅದೇ ಬೀದಿಯ ಇನ್ನೊಂದು ಮಳಿಗೆಯಲ್ಲಿ ಅದೇ ಕೈಗುಣಕ್ಕೆ ಸಾಲು ನಿಂತಿರುತ್ತದೆ.