ಗಾಳಿಯ ಬಾಡಿಗೆ ಕೊಡುವವರು ಯಾರು?
ಸೈಕಲ್ ರಸ್ತೆ ಪಂದ್ಯದ ತಂತ್ರಗಳು

ಆಷಾಢ ಮಾಸದಲ್ಲಿ ನೀವು ದಾವಣಗೆರೆಯಿಂದ ಹರಿಹರಕ್ಕೆ ಸೈಕಲ್ ತುಳಿದಿದ್ದೀರಾ? ದೂರ ಹೆಚ್ಚೇನೂ ಇಲ್ಲ, ಸುಮಾರು 14 ಕಿ.ಮೀ. ಆದರೂ ಪಡುವಣ ಗಾಳಿ ಎದುರಾದರೆ ತೊಡೆಗಳು ಸೋತುಹೋಗುತ್ತವೆ. ಗೆಳೆಯನೊಬ್ಬ ಮುಂದಿದ್ದು, ನೀವು ಅವನ ಬೆನ್ನಹಿಂದೆಯೇ ಸಾಗಿದರೆ ಅದೇ ದಾರಿ ಎಷ್ಟೋ ಹಗುರವೆನಿಸುತ್ತದೆ. ಈ ಸರಳ ಅನುಭವವೇ ವೃತ್ತಿಪರ ಸೈಕಲ್ ಪಂದ್ಯಗಳ ಎಲ್ಲ ತಂತ್ರಗಳಿಗೂ ಮೂಲ.

1903ರಲ್ಲಿ ಆರಂಭವಾದ ‘ಟೂರ್ ಡಿ ಫ್ರಾನ್ಸ್’ ಪಂದ್ಯವನ್ನು ಟಿವಿಯಲ್ಲಿ ನೋಡಿದವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ದಿನದ ಓಟ ಆರಂಭವಾದ ಸ್ವಲ್ಪ ಹೊತ್ತಿಗೆ ನಾಲ್ಕೈದು ಮಂದಿ ಸಿಡಿದು ಮುಂದೆ ಹೋಗುತ್ತಾರೆ. ಇದಕ್ಕೆ ‘ಬ್ರೇಕ್‌ಅವೇ’ ಎಂದು ಹೆಸರು. ಹಿಂದಿನ ದೊಡ್ಡ ಹಿಂಡು ಅವರನ್ನು ಹೋಗಗೊಡುತ್ತದೆ. ಅಂತರ ನಾಲ್ಕು, ಐದು ನಿಮಿಷಗಳಿಗೆ ಏರುತ್ತದೆ. ಅನೇಕ ಸಲ ಗುರಿ ಇನ್ನೇನು ಬಂತು ಎನ್ನುವಾಗ ಹಿಂಡು ಬಂದು ಅವರನ್ನು ನುಂಗಿಬಿಡುತ್ತದೆ. ಹಿಡಿಯುವುದೇ ಆದರೆ ಬಿಟ್ಟದ್ದೇಕೆ? ಸಿಕ್ಕಿಬೀಳುವುದೇ ಆದರೆ ಅವರು ಹೋದದ್ದೇಕೆ?

ಗಾಳಿಯ ಲೆಕ್ಕ

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಸವಾರನ ಶ್ರಮದಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ನಿಶ್ಚಲ ಗಾಳಿಯಲ್ಲಿ ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯವಾದರೋ ಎಂಟು ಪಟ್ಟು! ಮುಂದಿನವನ ಬೆನ್ನಹಿಂದೆ ಅಡಗಿದವನಿಗೆ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. 121 ಸವಾರರ ಹಿಂಡನ್ನು ಗಾಳಿ ಸುರಂಗದಲ್ಲೂ ಕಂಪ್ಯೂಟರಿನಲ್ಲೂ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೆರಗು ಹುಟ್ಟಿಸುವಂಥದು. ಅದರ ಪ್ರಕಾರ, ಹಿಂಡಿನ ನಡುವೆ ಹಾಗೂ ಹಿಂಭಾಗದಲ್ಲಿ ಆಶ್ರಯ ಪಡೆದವನಿಗೆ ತಟ್ಟುವ ಗಾಳಿಯ ತಡೆ, ಒಂಟಿ ಸವಾರನಿಗೆ ತಟ್ಟುವುದರ ಶೇಕಡಾ 5ರಿಂದ 10ರಷ್ಟು ಮಾತ್ರ.

ಪೈಪೋಟಿಯಲ್ಲೂ ಪಾಲುಗಾರಿಕೆ

ಮಂಡಿಪೇಟೆಯ ಇಬ್ಬರು ವರ್ತಕರನ್ನು ಊಹಿಸಿಕೊಳ್ಳಿ. ಇಬ್ಬರದೂ ಒಂದೇ ವ್ಯಾಪಾರ, ಇಬ್ಬರಿಗೂ ಪೈಪೋಟಿ. ಆದರೂ ದೂರದ ಊರಿಗೆ ಮಾಲು ಸಾಗಿಸುವಾಗ ಒಂದೇ ಲಾರಿ ಗೊತ್ತುಮಾಡಿ ಬಾಡಿಗೆ ಹಂಚಿಕೊಂಡರೆ ಇಬ್ಬರಿಗೂ ಲಾಭ. ಊರು ತಲುಪಿದ ಮೇಲೆ ಮತ್ತೆ ಪೈಪೋಟಿ ಇದ್ದೇ ಇದೆ. ಸಿಡಿದು ಹೋದ ಸವಾರರ ಒಪ್ಪಂದವೂ ಹೀಗೆಯೇ. ಬೇರೆ ಬೇರೆ ತಂಡದವರಾದರೂ ಸರದಿಯಂತೆ ಒಬ್ಬೊಬ್ಬರು ಮುಂದೆ ಬಂದು ಗಾಳಿಗೆ ಎದೆಯೊಡ್ಡಿ, ನಂತರ ಹಿಂದೆ ಸರಿಯುತ್ತಾರೆ. ಇಲ್ಲಿ ಬಾಡಿಗೆಯೆಂದರೆ ಗಾಳಿ. ಯಾರಾದರೂ ಸರದಿ ತಪ್ಪಿಸಿದರೆ ಉಳಿದವರಿಗೂ ಮನಸ್ಸು ಮುರಿಯುತ್ತದೆ, ವೇಗ ಇಳಿಯುತ್ತದೆ.

ಹಿಂಡಿನ ಲೆಕ್ಕ ಇನ್ನೊಂದು. ಚಿತ್ರದುರ್ಗದಿಂದ ಹರಿಹರಕ್ಕೆ ಒಂದು ಪಂದ್ಯ ನಡೆಯುತ್ತಿದೆಯೆನ್ನಿ. ಗುರಿಗೆ ಇನ್ನು 20 ಕಿ.ಮೀ. ಇರುವಾಗ ಮುಂದಿನವರು ಗಂಟೆಗೆ 40 ಕಿ.ಮೀ. ವೇಗದಲ್ಲಿ, ಹಿಂಡಿಗಿಂತ 3 ನಿಮಿಷ ಮುಂದಿದ್ದಾರೆ. 3 ನಿಮಿಷವೆಂದರೆ ಅವರ ವೇಗದಲ್ಲಿ 2 ಕಿ.ಮೀ. ಅವರಿಗೆ ಗುರಿ ಮುಟ್ಟಲು 30 ನಿಮಿಷ ಬೇಕು. ಅಷ್ಟರಲ್ಲಿ ಹಿಂಡು 22 ಕಿ.ಮೀ. ಕ್ರಮಿಸಬೇಕು. ಅಂದರೆ ಗಂಟೆಗೆ 44 ಕಿ.ಮೀ. ವೇಗ ಸಾಕು! ಸರದಿಗೆ ಹತ್ತಾರು ಜನರಿರುವ ಹಿಂಡಿಗೆ ಇದು ಕಷ್ಟವಲ್ಲ. ಆದ್ದರಿಂದಲೇ ಅದು ಮೊದಲು ಅವಸರ ಪಡುವುದಿಲ್ಲ. ಬೇಗನೆ ಹಿಡಿದರೆ ಹೊಸಬರು ಸಿಡಿದು ಹೋಗುತ್ತಾರೆ, ಅವರನ್ನೂ ಅಟ್ಟಬೇಕಾಗುತ್ತದೆ.

ಆದರೆ ಅಟ್ಟುವ ಕೆಲಸ ಯಾರದು? ತಂತ್ರದ ತಿರುಳು ಇಲ್ಲಿದೆ. ಟೂರ್‌ನಲ್ಲಿ ಈಗ ಒಂದು ತಂಡದಲ್ಲಿ 8 ಸವಾರರು. ಒಬ್ಬ ನಾಯಕ; ಉಳಿದವರು ಅವನಿಗಾಗಿ ಗಾಳಿ ಸೀಳುತ್ತಾರೆ, ನೀರಿನ ಬಾಟಲಿ ತಂದುಕೊಡುತ್ತಾರೆ, ಬೇಕಾದರೆ ತಮ್ಮ ಚಕ್ರವನ್ನೇ ಬಿಚ್ಚಿಕೊಡುತ್ತಾರೆ. ತಮ್ಮವನೊಬ್ಬ ಮುಂದಿನ ಗುಂಪಿನಲ್ಲಿದ್ದರೆ ಆ ತಂಡ ಹಿಂಡಿನಲ್ಲಿ ಕೈಕಟ್ಟಿ ಕೂರುತ್ತದೆ. ಬೆವರು ಸುರಿಸುವ ಹೊಣೆ ಮುಂದೆ ಯಾರೂ ಇಲ್ಲದ ತಂಡಗಳದು. ಅವೂ ‘ನೀವು ಎಳೆಯಿರಿ, ನೀವು ಎಳೆಯಿರಿ’ ಎಂದು ಪರಸ್ಪರ ಮುಖ ನೋಡುತ್ತ ಕುಳಿತರೆ? ಆಗ ಸಿಡಿದು ಹೋದವರು ಗೆಲ್ಲುತ್ತಾರೆ. ಆ ಒಂದು ಸಾಧ್ಯತೆಗಾಗಿಯೇ ಅವರು ಹೊರಡುವುದು.

ಟೋಕಿಯೋದ ಪಾಠ

2021ರ ಜುಲೈ 25ರಂದು ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ ರಸ್ತೆ ಪಂದ್ಯದಲ್ಲಿ ಹೀಗೆಯೇ ಆಯಿತು. ಒಟ್ಟು ದೂರ 137 ಕಿ.ಮೀ. ನೆದರ್‌ಲೆಂಡ್ಸ್‌ನಿಂದ ಜಗದ್ವಿಖ್ಯಾತರಾದ ನಾಲ್ವರು ಬಂದಿದ್ದರು. ಆಸ್ಟ್ರಿಯಾದಿಂದ ಬಂದವರು ಒಬ್ಬರೇ: ಆನ್ನಾ ಕೀಸನ್‌ಹೋಫರ್. ಗಣಿತದಲ್ಲಿ ಡಾಕ್ಟರೇಟ್ ಪಡೆದ ಸಂಶೋಧಕಿ. ಆಗ ಯಾವ ವೃತ್ತಿಪರ ತಂಡದಲ್ಲೂ ಇರಲಿಲ್ಲ. ಆರಂಭದಲ್ಲೇ ಅವರೂ ಇತರ ನಾಲ್ವರೂ ಸಿಡಿದು ಹೋದರು. ಅಂತರ 10 ನಿಮಿಷ ಮೀರಿತು. ಬಲಿಷ್ಠರಾದ ಡಚ್ಚರೇ ಅಟ್ಟಲಿ ಎಂದು ಉಳಿದ ದೇಶದವರು ಕಾದರು. ಡಚ್ಚರೂ ಹೊತ್ತಿಗೆ ಸರಿಯಾಗಿ ಎಳೆಯಲಿಲ್ಲ. ಗುರಿಗೆ ಸುಮಾರು 40 ಕಿ.ಮೀ. ಇರುವಾಗ ಕೀಸನ್‌ಹೋಫರ್ ಉಳಿದಿದ್ದ ಇಬ್ಬರು ಜೊತೆಗಾರ್ತಿಯರನ್ನೂ ಬಿಟ್ಟು ಒಂಟಿಯಾಗಿ ಹೊರಟರು.

ಒಲಿಂಪಿಕ್ಸ್‌ನಲ್ಲಿ ಸವಾರರ ಕಿವಿಗೆ ಸುದ್ದಿ ಮುಟ್ಟಿಸುವ ರೇಡಿಯೋಗೆ ಅವಕಾಶವಿಲ್ಲ. ಕೊನೆಯ ಹಂತದಲ್ಲಿ ಆ ಇಬ್ಬರನ್ನು ಹಿಡಿದಾಗ, ಮುಂದೆ ಇನ್ನೊಬ್ಬರಿದ್ದಾರೆಂಬುದು ಹಿಂಡಿನಲ್ಲಿ ಹಲವರಿಗೆ ತಿಳಿದಿರಲಿಲ್ಲ. ಆನ್ನಮೀಕ್ ಫಾನ್ ಫ್ಲೂಟನ್ ಗೆದ್ದೆನೆಂದು ಭಾವಿಸಿ ಎರಡೂ ಕೈ ಎತ್ತಿ ಗೆರೆ ದಾಟಿದರು. ಅದಕ್ಕೆ 1 ನಿಮಿಷ 15 ಸೆಕೆಂಡು ಮೊದಲೇ ಕೀಸನ್‌ಹೋಫರ್ ಚಿನ್ನ ಗೆದ್ದಾಗಿತ್ತು! ಬಲವಿದ್ದವರ ನಡುವೆ ಹೊಂದಾಣಿಕೆ ಇಲ್ಲದಿದ್ದರೆ ಬಲ ವ್ಯರ್ಥ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ನಮ್ಮ ನಾಡಿನಲ್ಲಿ

ಈ ಕ್ರೀಡೆ ನಮಗೆ ಪರಕೀಯವಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಸೈಕಲ್ ಪಟುಗಳ ತವರು. ವಿಜಯಪುರದಲ್ಲಿ ಸೈಕ್ಲಿಂಗ್‌ಗಾಗಿಯೇ ಕ್ರೀಡಾ ವಸತಿನಿಲಯವಿದೆ. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ನಮ್ಮ ಹುಡುಗ ಹುಡುಗಿಯರು ರೈಲ್ವೆ, ಸೇನಾಪಡೆಗಳಂಥ ಪಳಗಿದ ತಂಡಗಳನ್ನು ಎದುರಿಸಬೇಕು. ಅಲ್ಲಿ ಕಾಲಿನ ಕಸುವಿನಷ್ಟೇ ಮುಖ್ಯ ಈ ಲೆಕ್ಕಾಚಾರ. ಪದಕ ಒಬ್ಬರ ಕೊರಳಿಗೆ ಬೀಳುತ್ತದೆ. ಆದರೆ ಗಾಳಿಯ ಬಾಡಿಗೆ ತೆತ್ತು ಮೂವತ್ತನೆಯವರಾಗಿಯೋ ನಲವತ್ತನೆಯವರಾಗಿಯೋ ಗುರಿ ಮುಟ್ಟಿದ ಜೊತೆಗಾರರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಪಂದ್ಯ ನೋಡುವವರಾದರೂ ಅವರನ್ನು ಗುರುತಿಸಬೇಕಲ್ಲವೆ?

ಮುಂದಿನ ಸಲ ಟಿವಿಯಲ್ಲಿ ಪಂದ್ಯ ಬಂದಾಗ ಮೂರು ಸಂಗತಿ ಗಮನಿಸಿ: ಹಿಂಡಿನ ಮೂತಿಯಲ್ಲಿ ಯಾವ ಬಣ್ಣದ ಅಂಗಿಯವರು ಎಳೆಯುತ್ತಿದ್ದಾರೆ? ಮುಂದಿನ ಗುಂಪಿನಲ್ಲಿ ಯಾರು ಸರದಿ ತಪ್ಪಿಸುತ್ತಿದ್ದಾರೆ? ಪರದೆಯ ಅಂಚಿನ ಅಂತರ ಪ್ರತಿ 10 ಕಿ.ಮೀ.ಗೆ ಎಷ್ಟು ಇಳಿಯುತ್ತಿದೆ? ಗೆಲ್ಲುವವರು ಯಾರೆಂದು ಬಹುಮಟ್ಟಿಗೆ ನೀವೇ ಹೇಳಬಲ್ಲಿರಿ.

ಕೊನೆಗೊಂದು ಎಚ್ಚರಿಕೆ. ಗಾಳಿಯ ಮರೆ ಸಿಗುತ್ತದೆಂದು ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳ ಬೆನ್ನು ಹತ್ತಬೇಡಿ. ಅವು ಬ್ರೇಕ್ ಹಾಕಿದರೆ ನಿಮಗೆ ಉಳಿಯುವುದು ಕ್ಷಣಾರ್ಧ ಮಾತ್ರ. ಪ್ರಯೋಗ ಮಾಡಲೇಬೇಕೆಂದರೆ ಶಾಲೆಯ ಮೈದಾನವಿದೆ. ಹೆಲ್ಮೆಟ್ ಧರಿಸಿ, ನಾಲ್ವರು ಗೆಳೆಯರೊಡನೆ ಸರದಿಯಂತೆ ತುಳಿದು ನೋಡಿ. ಒಬ್ಬರೇ ಸುತ್ತಿದ್ದಕ್ಕೂ ನಾಲ್ವರು ಕೂಡಿ ಸುತ್ತಿದ್ದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಗಡಿಯಾರವೇ ಹೇಳುತ್ತದೆ.